ಎದುರು ದಡದ ಸಾಕ್ಷಿ

"ಗುರುಗಳೇ, ನನಗೆ ತಕ್ಕ ಸಾಧನೆ ಯಾವುದು?" ಎಂದು ಚನ್ನವೀರ ಕೇಳಿದ. ನಿಂತುಕೊಂಡೇ ಕೇಳಿದ.

ಗುರುಗಳು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಅವರಿಗೆ ಈ ಪ್ರಶ್ನೆ ಹೊಸದಲ್ಲ. ಆಶ್ರಮಕ್ಕೆ ಬಂದ ಹೊಸತರಲ್ಲಿ ಚನ್ನವೀರ ಜಪ ಬೇಕೆಂದ. ಕೊಟ್ಟರು. ಜಪಕ್ಕೆ ಕೂತರೆ ನಿದ್ದೆ ಬರುತ್ತದೆ, ಉಸಿರಿನ ಅಭ್ಯಾಸ ಹೇಳಿಕೊಡಿ ಎಂದ. ಹೇಳಿಕೊಟ್ಟರು. ಉಸಿರನ್ನು ನೋಡಿ ನೋಡಿ ತಲೆನೋವು ಬಂತೆಂದ. ಆಮೇಲೆ ಉಪವಾಸ ಹಿಡಿದ. ದೇವರ ಚಿಂತೆಗಿಂತ ಅನ್ನದ ಚಿಂತೆಯೇ ಹೆಚ್ಚಾಯಿತೆಂದು ಅದನ್ನೂ ಬಿಟ್ಟ. ಕೊನೆಗೆ ಗುರುಗಳು, ಏನೂ ಮಾಡಬೇಡ, ಸಂಜೆ ಬಂದು ನನ್ನ ಎದುರಿಗೆ ಸುಮ್ಮನೆ ಕೂತುಕೋ, ಅಷ್ಟು ಸಾಕು ಎಂದಿದ್ದರು. ಕೆಲವು ದಿನ ಕೂತ. ನಿನ್ನೆ ಸಂಜೆ ನಡುವೆಯೇ ಎದ್ದು ಹೋಗಿದ್ದ.

ಈಗ ಅವನ ಬಟ್ಟೆಯ ಗಂಟು ಬಾಗಿಲ ಪಕ್ಕದಲ್ಲಿತ್ತು. ಗುಡ್ಡದ ಆಚೆ ಇನ್ನೊಬ್ಬ ಸ್ವಾಮಿಗಳಿದ್ದಾರೆ, ಅವರ ದಾರಿಯೇ ಬೇರೆಯಂತೆ ಎಂದು ಅವನು ಅಡುಗೆಯವನ ಹತ್ತಿರ ಹೇಳಿದ್ದ. ಅಡುಗೆಯವನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ಗುರುಗಳಿಗೆ ಎಲ್ಲ ಗೊತ್ತಿತ್ತು.

ಮೊದಲು ಕೂತುಕೋ, ನಿನ್ನ ಪ್ರಶ್ನೆಗೂ ಕಾಲು ನೋವು ಬಂದೀತು ಎಂದರು ಗುರುಗಳು. ಚನ್ನವೀರ ಜಗಲಿಯ ಅಂಚಿನಲ್ಲಿ, ಏಳಲು ಅನುಕೂಲವಾಗುವಂತೆ ಕೂತ. ಒಬ್ಬ ಮೀನು ಹಿಡಿಯುವವನ ಕತೆ ಹೇಳುತ್ತೇನೆ ಎಂದಾಗ ಅವನ ಮುಖ ಸಣ್ಣಗಾಯಿತು. ಆ ಆಶ್ರಮದಲ್ಲಿ ಈರುಳ್ಳಿ ಹೆಚ್ಚುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರು. ಗುರುಗಳು, ತಿನ್ನು ಎನ್ನಲಿಲ್ಲ, ಕೇಳು ಎಂದೆ ಎಂದು ಹೇಳಿ ಶುರುಮಾಡಿದರು.

ಉತ್ತರದಲ್ಲಿ, ಹಿಮದ ಬೆಟ್ಟಗಳ ಕೆಳಗೆ, ಒಂದು ಹೊಳೆ. ಅದರ ನೀರಿಗೆ ಕಾಲಿಟ್ಟವನಿಗೆ ಸ್ವಲ್ಪ ಹೊತ್ತಿನಲ್ಲಿ ಆ ಕಾಲು ತನ್ನದೇ ಎಂಬ ನಂಬಿಕೆ ಹೋಗುತ್ತದೆ, ಅಷ್ಟು ತಣ್ಣಗೆ. ಆ ನೀರಿನಲ್ಲಿ ಟ್ರೌಟ್ ಎಂಬ ಮೀನಿದೆ. ಮೈಮೇಲೆಲ್ಲ ಚುಕ್ಕೆ. ಅದು ಹರಿವಿಗೆ ಮುಖ ಕೊಟ್ಟು ಕಲ್ಲಿನ ಮರೆಯಲ್ಲಿ ನಿಂತಿರುತ್ತದೆ. ಹೊಳೆ ಏನು ತರುತ್ತದೋ ಅದನ್ನು ನೋಡುತ್ತದೆ. ಬೇಕಾದರೆ ಮೇಲೆ ಬಂದು ಬಾಯಿ ಹಾಕುತ್ತದೆ, ಬೇಡವಾದರೆ ಬಿಡುತ್ತದೆ. ತಾಳ್ಮೆ ಅದಕ್ಕೆ ನಿನಗಿಂತ ಹೆಚ್ಚು.

ಆ ಮೀನನ್ನು ಎರೆಹುಳು ಸಿಕ್ಕಿಸಿಯೂ ಹಿಡಿಯಬಹುದು, ಬಲೆ ಹಾಕಿಯೂ ಹಿಡಿಯಬಹುದು. ಆದರೆ ಅಲ್ಲಿಯವರು ದೊಡ್ಡ ವಿದ್ಯೆ ಎಂದುಕೊಂಡಿರುವುದು ಬೇರೊಂದನ್ನು. ಸಣ್ಣ ಕೊಕ್ಕೆಗೆ ಕೋಳಿಯ ಗರಿ, ಉಣ್ಣೆ, ಜಿಂಕೆಯ ಕೂದಲು ಸುತ್ತಿ ಒಂದು ಹುಸಿ ಹುಳು ಮಾಡುತ್ತಾರೆ. ಗರಿಹುಳು ಎನ್ನೋಣ. ಅದಕ್ಕೆ ಚೂರು ಕುರಿಕೊಬ್ಬು ಸವರಿದರೆ ನೀರಿನ ಮೇಲೆ ನೆನೆಯದೆ ತೇಲುತ್ತದೆ. ಉದ್ದ ಕೋಲಿನಿಂದ ಅದನ್ನು ಮೇಲ್ಹರಿವಿಗೆ ಬೀಸುತ್ತಾರೆ. ಹೊಳೆ ಅದನ್ನು ಹೊತ್ತು ತರುತ್ತದೆ. ಮೀನು ನಿಜವಾದ ಹುಳು ಎಂದುಕೊಂಡು ಬಾಯಿ ಹಾಕಬೇಕು.

ಆ ಊರಿನಲ್ಲಿ ಒಂದೊಂದು ಮನೆಗೆ ಹೊಳೆಯ ಒಂದೊಂದು ಪಾಲು. ಈ ಬಂಡೆಯಿಂದ ಆ ಮಡುವಿನ ತನಕ ಇವರದು, ಅಲ್ಲಿಂದ ಸೇತುವೆಯ ತನಕ ಅವರದು. ಬೇಸಿಗೆಯೆಲ್ಲ ಆ ಪಾಲಿನಲ್ಲಿ ಹಿಡಿದ ಮೀನು ಮಾರಿ ಮನೆ ನಡೆಯಬೇಕು. ಆದರೆ ಅದಕ್ಕೆ ಮೊದಲು ಹೊಳೆಯೂಟ ಎಂಬ ಒಂದು ಊಟವಿತ್ತು. ಹಿಮ ಕರಗಿದ ಮೇಲೆ, ಊಟದ ದಿನದೊಳಗೆ, ಪ್ರತಿ ಮನೆಯ ಗಂಡಸು ತನ್ನ ಪಾಲಿನ ನೀರಿನಿಂದ ಗರಿಹುಳುವಿನಲ್ಲೇ ಒಂದು ಮೀನು ಹಿಡಿದು ತರಬೇಕು. ಹೀಗೆ ಒಂದು ಹಿಡಿಯಬಲ್ಲವನಿಗೆ ತನ್ನ ನೀರು ಗೊತ್ತು, ನೀರು ಗೊತ್ತಿದ್ದವನು ಅದನ್ನು ಬರಿದು ಮಾಡುವುದಿಲ್ಲ ಎಂಬುದು ಹಿರಿಯರ ಲೆಕ್ಕ. ತರಲಾಗದ ಮನೆಯ ಪಾಲು ಇನ್ನೊಂದು ಮನೆಗೆ ಹೋಗುತ್ತಿತ್ತು. ಹೋದರೆ ಹೋಯಿತು. ಮರಳಿ ಬರುತ್ತಿರಲಿಲ್ಲ.

ಎರೆಹುಳು ಹಾಕಿ ಹಿಡಿದು ಗರಿಹುಳು ಎಂದು ಹೇಳಿದರೆ? ಅದಕ್ಕೂ ಕಟ್ಟಳೆ ಇತ್ತು. ಗಾಳ ಹಾಕುವವನ ಎದುರು ದಡದಲ್ಲಿ ಒಬ್ಬರು ಸಾಕ್ಷಿ ಕೂರಬೇಕು. ಸಾಕ್ಷಿ ಆ ಮನೆಯವರೇ ಆಗಿರಬೇಕು. ನೆರೆಯವರಾದರೆ ಜಗಳ ತಪ್ಪದು. ಮನೆಯವರು ಸುಳ್ಳು ಹೇಳುವುದಿಲ್ಲವೇ ಎಂದು ನೀನು ಕೇಳಬಹುದು. ಆ ಊರಿನ ಜನ ಬೇರೆ ಎಲ್ಲದರ ಮೇಲೂ ಆಣೆಯಿಟ್ಟು ಸುಳ್ಳು ಹೇಳುತ್ತಿದ್ದರು, ಹೊಳೆಯ ಮೇಲೆ ಮಾತ್ರ ಹೇಳುತ್ತಿರಲಿಲ್ಲ. ಇನ್ನೊಂದು ಮಾತು. ಸಾಕ್ಷಿ ಕೂತವರು ಬಿಸಿಲು ನೀರನ್ನು ಬಿಡುವವರೆಗೆ ಬಾಯಿ ತೆರೆಯಬಾರದು, ಕೈಸನ್ನೆಯನ್ನೂ ಮಾಡಬಾರದು. ಮಾಡಿದರೆ ಆ ದಿನದ ಮೀನು ಲೆಕ್ಕಕ್ಕಿಲ್ಲ.

ಅಲ್ಲಿ ಒಬ್ಬ ಮುದುಕನಿಗೆ ಒಬ್ಬಳೇ ಮಗಳು. ಗಂಡುಮಕ್ಕಳಿರಲಿಲ್ಲ. ಮುದುಕನ ತೋಳು ಕೋಲು ಬೀಸಲಾರದಷ್ಟು ಹಿಡಿದುಕೊಂಡಿತ್ತು. ಮಗಳಿಗೆ ಕೆಳಗಿನ ಊರಿನ ಒಬ್ಬನನ್ನು ತಂದು ಮದುವೆ ಮಾಡಿ ಮನೆಯಲ್ಲಿಟ್ಟುಕೊಂಡ. ಆ ಹೆಂಗಸೇ ಗಾಳ ಹಿಡಿಯಬಾರದಿತ್ತೇ ಎಂದರೆ, ಕಟ್ಟಳೆ ಮಾಡಿದವರು ಗಂಡಸರು. ಮಾಡುವಾಗ ಅವರು ಹೆಂಗಸರ ಕೈ ನೋಡಿರಲಿಲ್ಲ, ತಮ್ಮ ಮೀಸೆ ನೋಡಿಕೊಂಡಿದ್ದರು.

ಅಂತೂ ಆ ನೀರು ಉಳಿಯುವುದು ಮನೆಅಳಿಯನ ಕೈಯಲ್ಲಿತ್ತು. ಮುದುಕನ ಅಜ್ಜಂದಿರ ಕಾಲದಿಂದ ಬಂದ ಪಾಲು. ಮನೆಯ ಬಾಗಿಲಿನಲ್ಲಿ ಕೂತರೆ ಕಾಣುವ ಮಡು. ಅದು ಕೈಬಿಟ್ಟರೆ ಮುದುಕ ತನ್ನ ಹೊಸ್ತಿಲಲ್ಲಿ ಕೂತು ಬೇರೆಯವರು ಅಲ್ಲಿ ಗಾಳ ಹಾಕುವುದನ್ನು ಸಾಯುವವರೆಗೆ ನೋಡಬೇಕು.

ಅಳಿಯ ಕೆಲಸಗಳ್ಳನಲ್ಲ. ಕೈಚಳಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬಂದ ಮೊದಲ ಚಳಿಗಾಲದಲ್ಲೇ ಗರಿಹುಳು ಕಟ್ಟುವುದನ್ನು ಕಲಿತ. ಇರುವೆ ಕಟ್ಟಿದರೆ ಇರುವೆ, ಮಿಡತೆ ಕಟ್ಟಿದರೆ ಮಿಡತೆ. ಒಂದು ಮರದ ಪೆಟ್ಟಿಗೆ ಮಾಡಿ, ಅದಕ್ಕೆ ಸಣ್ಣ ಸಣ್ಣ ಮನೆ ಮಾಡಿ, ಒಂದೊಂದು ಮನೆಯಲ್ಲಿ ಒಂದೊಂದು ಜಾತಿ ಇಟ್ಟ. ಊರಿನವರು ಪೆಟ್ಟಿಗೆ ನೋಡಲು ಬರುತ್ತಿದ್ದರು. ನೋಡಿ ಹೊಗಳಿ ಚಹಾ ಕುಡಿದು ಹೋಗುತ್ತಿದ್ದರು.

ಹಿಮ ಕರಗಿತು. ಮುದುಕ ತನ್ನ ಟೋಪಿಯಿಂದ ಎರಡು ಗರಿಹುಳು ಬಿಡಿಸಿ ಅಳಿಯನ ಅಂಗೈಗೆ ಹಾಕಿದ. ಎರಡೂ ಒಂದೇ ತರ, ಒಂದು ತುಸು ದೊಡ್ಡದು, ಒಂದು ಚಿಕ್ಕದು. ಬೂದು ಉಣ್ಣೆಯ ಮೈ, ಕಂದು ಗರಿಯನ್ನೂ ಬೂದು ಗರಿಯನ್ನೂ ಬೆರೆಸಿ ಸುತ್ತಿದ್ದು, ಕಣ್ಣಿಗೆ ಕಾಣಲೆಂದು ನೆತ್ತಿಯ ಮೇಲೊಂದು ಬಿಳಿ ಕುಚ್ಚು. ಕಂಬಳಿಯಿಂದ ಉದುರಿದ ಜುಂಗಿನ ಹಾಗಿದ್ದವು.

"ಇದು ಯಾವ ಹುಳು, ಮಾವ?" ಎಂದು ಅಳಿಯ ಕೇಳಿದ.

"ಯಾವುದೂ ಅಲ್ಲ. ಎಲ್ಲದರ ಹಾಗೂ ಸ್ವಲ್ಪ ಸ್ವಲ್ಪ ಇದೆ," ಎಂದ ಮುದುಕ.

ಒರಟು ನೀರಿಗೆ ದೊಡ್ಡದು, ತಿಳಿನೀರಿಗೆ ಚಿಕ್ಕದು ಎಂದು ಹೇಳಿದ. ತೇಲಿ ಬಂದ ಹುಳುವಿನ ಜಾತಿ ಕುಲ ಕೇಳುತ್ತ ಕೂರಲು ಮೀನಿಗೆ ಹೊತ್ತಿರುವುದಿಲ್ಲ. ಊಟದ ಹಾಗೆ ಕಾಣುತ್ತದೆಯೇ, ಊಟದ ಹಾಗೆ ತೇಲುತ್ತದೆಯೇ ಎಂದಷ್ಟೇ ನೋಡುತ್ತದೆ. ತನ್ನ ಆಯಸ್ಸೆಲ್ಲ ಇವೆರಡರಲ್ಲೇ ಕಳೆಯಿತು ಎಂದ. ಅಳಿಯ ಮರ್ಯಾದೆಗೆ ತಲೆಯಾಡಿಸಿ, ಅವನ್ನು ಪೆಟ್ಟಿಗೆಯ ಮೂಲೆಯ ಮನೆಗೆ ಹಾಕಿದ. ಮನಸ್ಸಿನಲ್ಲಿ ನಕ್ಕ.

ಮರುದಿನ ಹೊಳೆಗೆ ಇಳಿದ. ಹೆಂಡತಿ ಸೇತುವೆ ದಾಟಿ ಎದುರು ದಡದಲ್ಲಿ ಸಾಕ್ಷಿ ಕೂತಳು. ನೀರಿನ ಮೇಲೆ ಕಪ್ಪು ಹುಳುಗಳು ಹಾರುತ್ತಿದ್ದವು. ಅವನು ಪೆಟ್ಟಿಗೆ ತೆರೆದು ಕಪ್ಪು ಹುಳು ಹುಡುಕಿ ಕಟ್ಟಿದ. ಒಂದೆರಡು ಸಲ ಬೀಸಿದ. ಆ ಹೊತ್ತಿಗೆ ಕಂದು ಹುಳುಗಳು ಬಂದವು. ಕಪ್ಪು ಬಿಚ್ಚಿ ಕಂದು ಕಟ್ಟಿದ. ಅಷ್ಟರಲ್ಲಿ ಗಾಳಿ ಎದ್ದು ದಡದ ಹುಲ್ಲಿನಿಂದ ಇರುವೆಗಳು ನೀರಿಗೆ ಬೀಳತೊಡಗಿದವು. ಕಂದು ಬಿಚ್ಚಿ ಇರುವೆ ಕಟ್ಟಿದ. ಸುತ್ತ ಮೀನುಗಳು ಮೇಲೆ ಬಂದು ಬಾಯಿ ಹಾಕಿ ಉಂಗುರ ಉಂಗುರವಾಗಿ ನೀರು ಕದಡಿ ಮುಳುಗುತ್ತಿದ್ದವು. ಅವನ ಗರಿಹುಳುವಿನ ಹತ್ತಿರ ಒಂದೂ ಸುಳಿಯಲಿಲ್ಲ. ಸಂಜೆಯವರೆಗೆ ಅವನ ಕೈ ನೀರಿನ ಮೇಲೆ ಇದ್ದುದಕ್ಕಿಂತ ಪೆಟ್ಟಿಗೆಯ ಒಳಗೆ ಇದ್ದುದೇ ಹೆಚ್ಚು.

ಮನೆಗೆ ಬಂದು ಅವನು ಊಟ ಮಾಡಲಿಲ್ಲ. ಪೆಟ್ಟಿಗೆಯಲ್ಲಿ ಇಲ್ಲದ ಹುಳು ಯಾವುದು ಎಂಬುದೇ ಯೋಚನೆ. ಇಂದು ಕಂಡದ್ದರ ಹೊಟ್ಟೆ ತುಸು ಹಸಿರಾಗಿತ್ತಲ್ಲ ಎಂದ. ಹಸಿರು ನೂಲು ಬೇಕೆಂದು ಹೆಂಡತಿಯ ಶಾಲಿನ ಅಂಚು ಬಿಚ್ಚಿದ. ಹೊಂಬಣ್ಣದ ಗರಿ ಬೇಕೆಂದು ಅವಳ ಹುಂಜವನ್ನು ಹಿಡಿದ. ಕೆಲವೇ ದಿನಗಳಲ್ಲಿ ಹುಂಜ ಅರ್ಧ ಬೋಳಾಗಿ, ನಾಚಿಕೆಯಿಂದಲೋ ಚಳಿಯಿಂದಲೋ ಕೂಗುವುದನ್ನು ಬಿಟ್ಟಿತು. ಹೆಂಡತಿ ಅದಕ್ಕೆ ಹಳೆಯ ಕಾಲುಚೀಲದ ಅಂಗಿ ಹೊಲಿದು ಹಾಕಿದಳು.

ಅವನನ್ನು ಕಂಡು ನಗಬೇಡ. ಅವನಿಗೆ ಹೆದರಿಕೆಯಾಗಿತ್ತು. ಊರಿನ ಒಂದೊಂದೇ ಮನೆಯವರು ಮೀನು ತಂದು ಒಪ್ಪಿಸುತ್ತಿದ್ದರು. ಒಪ್ಪಿಸಿದ ಮನೆಯ ಮಾಡಿಗೆ ಒಂದು ಹಸಿರು ಕೊಂಬೆ ಸಿಕ್ಕಿಸುತ್ತಿದ್ದರು. ಅವನು ಹೊಳೆಗೆ ಹೋಗುವಾಗ ಆ ಕೊಂಬೆಗಳು ಕಾಣುತ್ತಿದ್ದವು, ಬರುವಾಗ ಇನ್ನೊಂದು ಮನೆಯ ಮೇಲೆ ಕಾಣುತ್ತಿತ್ತು. ಮನೆಅಳಿಯನಾಗಿ ಬಂದವನು ಮನೆಯ ನೀರನ್ನೇ ಕಳೆದ ಎಂಬ ಮಾತು ಇನ್ನೂ ಯಾರೂ ಆಡಿರಲಿಲ್ಲ. ಅವನ ಕಿವಿಗೆ ಆಗಲೇ ಕೇಳುತ್ತಿತ್ತು. ಹೆದರಿದವನು ಹುಡುಕುತ್ತಾನೆ. ಹುಡುಕುತ್ತಿರುವಾಗ ಏನೋ ಮಾಡುತ್ತಿದ್ದೇನೆ ಎಂಬ ಸಮಾಧಾನವಿರುತ್ತದೆ.

ಕೊನೆಗೆ ಊರಿನಲ್ಲಿ ಕೊಂಬೆಯಿಲ್ಲದ ಮಾಡು ಅವರದೊಂದೇ ಉಳಿಯಿತು. ಆಗ ಮುದುಕ ಊರುಗೋಲು ಹಿಡಿದು ತಾನೇ ಹೊಳೆಯ ದಡಕ್ಕೆ ಬಂದ. ಕಲ್ಲಿನ ಮೇಲೆ ಕೂತು ಅಳಿಯನ ಕೆಲಸವನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಹೋಗಿ ಪೆಟ್ಟಿಗೆಯನ್ನು ಮುಚ್ಚಿ ಕಂಕುಳಲ್ಲಿಟ್ಟುಕೊಂಡ. ಮುಚ್ಚುವ ಮೊದಲು ಮೂಲೆಯ ಮನೆಯಲ್ಲಿದ್ದ ತನ್ನ ಎರಡನ್ನು ಮಾತ್ರ ತೆಗೆದು ಅಳಿಯನ ಟೋಪಿಗೆ ಸಿಕ್ಕಿಸಿದ್ದ.

ಅಳಿಯ ಚಿಕ್ಕದನ್ನು ಕಟ್ಟಿ ಬೀಸಿದ. ಮೀನು ಬಂತು. ಹುಳುವಿನ ಕೆಳಗೆ ಬಂದು, ನೋಡಿ, ತಿರುಗಿ ಹೋಯಿತು. ಮತ್ತೆ ಬೀಸಿದ, ಮತ್ತೆ ಹಾಗೇ ಆಯಿತು. ನೋಡಿ ಮಾವ, ನಿಮ್ಮದನ್ನೂ ಅದು ಒಲ್ಲೆ ಎನ್ನುತ್ತದೆ ಎಂದ. ಹಾಗೆನ್ನುವಾಗ ಅವನಿಗೆ ಒಳಗೊಳಗೇ ಸ್ವಲ್ಪ ಸಂತೋಷವೂ ಆಯಿತು.

ಮುದುಕ ನೀರಿನ ಕಡೆ ಊರುಗೋಲು ತೋರಿಸಿದ. ಗರಿಹುಳುವಿನ ಹಿಂದೆ ನೀರಿನ ಮೇಲೆ ಸಣ್ಣದೊಂದು ಗೀರು ಎಳೆದ ಹಾಗಿತ್ತು. ನಿಜವಾದ ಹುಳು ಹೊಳೆ ಹೋದ ಹಾಗೆ ಹೋಗುತ್ತದೆ. ಇದು ಅಡ್ಡ ಹೋಗುತ್ತಿತ್ತು. ದಾರ ಬಿಗಿಯಾಗಿದ್ದರೆ ಹುಳುವನ್ನು ಹೊಳೆ ಒಯ್ಯುವುದಿಲ್ಲ, ಕೈ ಎಳೆಯುತ್ತದೆ. ಮೀನು ಗರಿಯ ಬಣ್ಣ ನೋಡಿ ತಿರುಗಿದ್ದಲ್ಲ, ಆ ಗೀರು ನೋಡಿ ತಿರುಗಿದ್ದು. ದಾರವನ್ನು ಸಡಿಲ ಬಿಡಬೇಕು, ನೀರಿನ ಮೇಲೆ ಅದು ಅಂಕುಡೊಂಕಾಗಿ ಬಿದ್ದಿರಬೇಕು ಎಂದ ಮುದುಕ.

"ಸಡಿಲ ಬಿಟ್ಟರೆ ತುದಿಯಲ್ಲಿ ಏನಾಗುತ್ತಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು?" ಎಂದು ಅಳಿಯ ಕೇಳಿದ.

"ಗೊತ್ತಾಗುವುದಿಲ್ಲ, ಅಳಿಯಂದಿರೇ. ಗೊತ್ತಾಗದೆ ನಿಲ್ಲಬೇಕು," ಎಂದ ಮುದುಕ.

ಇದು ಅಳಿಯನಿಗೆ ಬಹಳ ಕಷ್ಟವಾಯಿತು. ಗರಿ ಹುಡುಕು ಎಂದಿದ್ದರೆ ಬೆಟ್ಟ ಹತ್ತಿ ತರುತ್ತಿದ್ದ. ಸಡಿಲ ಬಿಟ್ಟ ದಾರ ಕೈಯಲ್ಲಿದ್ದೂ ಇಲ್ಲದ ಹಾಗೆ. ಹುಳು ತೇಲುತ್ತಿದೆಯೋ ಮುಳುಗಿತೋ, ಮೀನು ಇದೆಯೋ ಇಲ್ಲವೋ, ಬೆರಳಿಗೆ ಏನೂ ತಿಳಿಯುವುದಿಲ್ಲ. ಅವನು ಮನಸ್ಸು ಗಟ್ಟಿಮಾಡಿ ಬಿಡುತ್ತಿದ್ದ, ಅವನಿಗೆ ಅರಿವಿಲ್ಲದೆಯೇ ಕೈ ತುಸು ಎಳೆದು ನೋಡುತ್ತಿತ್ತು. ನೆನೆಯಿತೇನೋ ಎಂದು ಎತ್ತಿ ಊದುತ್ತಿದ್ದ. ಕೊಬ್ಬು ಸಾಲದೇನೋ ಎಂದು ಎತ್ತಿ ಸವರುತ್ತಿದ್ದ. ಬಿತ್ತಿದ ಬೀಜ ಮೊಳೆಯಿತೇ ಎಂದು ದಿನಾ ಕೆದಕಿ ನೋಡುವ ಮಕ್ಕಳಿರುತ್ತಾರಲ್ಲ, ಹಾಗೆ. ಆದರೂ ದಿನ ಕಳೆದಂತೆ ಗೀರು ಸಣ್ಣದಾಗುತ್ತ ಬಂತು. ಮುದುಕ ಬಾಗಿಲಲ್ಲಿ ಕೂತು ನೋಡಿ, ಪರವಾಗಿಲ್ಲ ಎಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು.

ಹೊಳೆಯೂಟದ ದಿನ ಬಂತು. ಬಿಸಿಲು ನೀರನ್ನು ಬಿಡುವುದರೊಳಗೆ ಮೀನು ಬರಬೇಕು. ಅಳಿಯ ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು ಹೊರಟ. ಮಾವ ಅದನ್ನು ನೋಡಿ ಸಂತೋಷಪಟ್ಟ. ಆದರೆ ಅಳಿಯ ಟೋಪಿಯ ಒಳಮಡಿಕೆಯಲ್ಲಿ ಕೆಲವು ಗರಿಹುಳುಗಳನ್ನು ಸಿಕ್ಕಿಸಿಕೊಂಡಿದ್ದ. ಹಾಕಬೇಕೆಂದಲ್ಲ. ಇರಲಿ ಎಂದು.

ಮಧ್ಯಾಹ್ನ ಕಳೆಯಿತು. ಬಿಸಿಲು ಇಳಿಮುಖವಾಯಿತು. ಸೂರ್ಯ ಅವನ ಎದುರಿಗಿದ್ದ. ಅವನಿಗೆ ಕಾಣುತ್ತಿದ್ದುದು ನೀರಿನ ಮೇಲಿನ ಹೊಳಪೂ ಅದರ ನಡುವೆ ಬಿಳಿ ಕುಚ್ಚೂ ಮಾತ್ರ. ಎದುರು ದಡದಲ್ಲಿ ಕೂತ ಹೆಂಡತಿಯ ಬೆನ್ನಿಗೆ ಸೂರ್ಯನಿದ್ದ. ಅವಳಿಗೆ ಮಡುವಿನ ತಳದ ಕಲ್ಲುಗಳವರೆಗೆ ಎಲ್ಲ ಕಾಣುತ್ತಿತ್ತು.

ಬೀಸಿ ಬೀಸಿ ಅವನ ತೋಳು ಸೋತಿತು. ಸೋತ ತೋಳು ಎಳೆಯುವುದನ್ನು ಬಿಟ್ಟಿತು. ದಾರ ನೀರಿನ ಮೇಲೆ ಅಂಕುಡೊಂಕಾಗಿ ಬಿತ್ತು, ಹುಳು ಹೊಳೆ ಹೋದ ಹಾಗೆ ಹೋಯಿತು. ಹಿಂದೆ ಗೀರಿಲ್ಲ. ಅವನು ಅದನ್ನೇ ನೋಡುತ್ತ ನಿಂತ. ಆ ಸ್ವಲ್ಪ ಹೊತ್ತು ಅವನಿಗೆ ನೀರಿನ ಪಾಲು, ಊರು, ಹಸಿರು ಕೊಂಬೆ ಒಂದೂ ನೆನಪಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವನಿಗೆ ಹಾಯೆನಿಸಿತು.

ಬಂಡೆಯ ಕೆಳಗಿನಿಂದ ಮೀನು ಹೊರಟದ್ದನ್ನು ಹೆಂಡತಿ ಕಂಡಳು. ದೊಡ್ಡ ಮೀನು. ಅದು ಅವಸರಪಡಲಿಲ್ಲ. ಮೆಲ್ಲಗೆ ಮೇಲೆ ಬಂತು. ಹುಳುವಿನ ಕೆಳಗೆ ನಿಂತು, ಹುಳು ತೇಲಿದ ಹಾಗೆ ತಾನೂ ಹಿಂದಕ್ಕೆ ತೇಲುತ್ತ, ನೋಡುತ್ತ, ಮೂತಿಯನ್ನು ಮೇಲಕ್ಕೆತ್ತಿತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಆಗ ಅಳಿಯನ ಮಣಿಕಟ್ಟಿನ ಮೇಲೆ ಒಂದು ಹಳದಿ ಹುಳು ಬಂದು ಕೂತಿತು.

ಅಂಥದನ್ನು ಅವನು ಆ ಹೊಳೆಯಲ್ಲಿ ಹಿಂದೆ ಕಂಡಿರಲಿಲ್ಲ. ಆದರೆ ಅಂಥದೊಂದನ್ನು ಅವನು ಚಳಿಗಾಲದಲ್ಲಿ ಸುಮ್ಮನೆ ಚಂದಕ್ಕೆ ಕಟ್ಟಿದ್ದ. ಅದು ಟೋಪಿಯ ಮಡಿಕೆಯಲ್ಲಿತ್ತು. ಇಷ್ಟು ದಿನ ತಾನು ಹುಡುಕುತ್ತಿದ್ದುದು ಇದೇ ಎಂದು ಅವನಿಗೆ ಖಂಡಿತವಾಯಿತು. ಅವನು ನಕ್ಕ. ನಗುತ್ತ ಗಾಳ ಎತ್ತಿದ.

ಮೀನಿನ ಬಾಯಿ ತೆರೆದುಕೊಂಡಿತು. ಹುಳು ಇದ್ದ ಜಾಗದಲ್ಲಿ, ಬರಿಯ ನೀರಿನ ಮೇಲೆ, ಮುಚ್ಚಿಕೊಂಡಿತು. ಆಮೇಲೆ ಮೀನು ಬಂಡೆಯ ಕೆಳಗೆ ಹೋಯಿತು.

ಅಳಿಯನಿಗೆ ನೀರಿನ ಮೇಲಿನ ಉಂಗುರ ಮಾತ್ರ ಕಂಡಿತು. ಅಲ್ಲಿ ಮೀನು ಮೇಲೆ ಬರುತ್ತಿದೆ, ಹಳದಿ ಹುಳುವಿಗೇ ಬರುತ್ತಿದೆ ಎಂದುಕೊಂಡು ಅವನ ಹುರುಪು ಇಮ್ಮಡಿಯಾಯಿತು. ಅವಸರದಲ್ಲಿ ಮಾವನ ಹುಳುವನ್ನು ದಾರದಿಂದ ಕತ್ತರಿಸಿ ಹಳದಿಯದನ್ನು ಕಟ್ಟಿದ. ಗಂಟು ಒಮ್ಮೆ ಜಾರಿತು. ಮತ್ತೆ ಹಾಕಿದ. ಕೊಬ್ಬು ಸವರಿದ. ಕೋಲು ಎತ್ತಿದಾಗ ಬಿಸಿಲು ನೀರನ್ನು ಬಿಟ್ಟು ಬಂಡೆ ಹತ್ತಿತ್ತು.

ಸೇತುವೆಯ ಮೇಲೆ ಗಂಡ ಹೆಂಡತಿ ಜೊತೆಯಾದರು. ಈ ಹಳದಿಯದು ಸ್ವಲ್ಪ ಮೊದಲೇ ಸಿಕ್ಕಿದ್ದರೆ ಎಂದು ಅವನು ಊರು ಮುಟ್ಟುವವರೆಗೂ ಹೇಳುತ್ತಲೇ ಬಂದ. ಅವಳು ಈಗ ಮಾತಾಡಬಹುದಿತ್ತು. ಒದ್ದೆಯಾದ ಸೆರಗಿನ ತುದಿಯನ್ನು ಹಿಂಡುತ್ತ ನಡೆದಳು.

ಹೊಳೆಯೂಟದ ಒಲೆಯ ಮುಂದೆ ಊರಿನ ಹಿರಿಯನು ಸಾಕ್ಷಿಯನ್ನು ಕರೆದು ಎಲ್ಲರೆದುರು ಕೇಳಬೇಕು, ಅದು ಪದ್ಧತಿ. ಮೀನು ಬಂತೇ ಎಂದು ಕೇಳಿದ. ಬಂತು ಎಂದಳು. ಗಾಳ ಏನಾಯಿತು ಎಂದು ಕೇಳಿದ. ಆಗ ಗಾಳ ನೀರಿನಲ್ಲಿ ಇರಲಿಲ್ಲ ಎಂದಳು. ಅಳಿಯ ಅವಳ ಕಡೆ ತಿರುಗಿದ. ಯಾವಾಗ ಎಂದು ಕೇಳಿದ.

"ನೀವು ಕೈಮೇಲಿನ ಹುಳ ನೋಡಿ ನಕ್ಕಿರಲ್ಲ, ಆಗ. ಅಪ್ಪನ ಹುಳುವಿಗೇ ಬಂದಿತ್ತು," ಎಂದಳು.

ನೀರು ಪಕ್ಕದ ಮನೆಗೆ ಹೋಯಿತು. ಅವರು ಒಳ್ಳೆಯ ಜನ. ಮೊದಲ ದಿನ ಗಾಳ ಹಾಕುವ ಮುಂಚೆ ಬಂದು ಮುದುಕನ ಕಾಲು ಮುಟ್ಟಿದರು. ಮುದುಕ ಆಶೀರ್ವಾದ ಮಾಡಿದ. ಮರುದಿನದಿಂದ ತನ್ನ ಚಾಪೆಯನ್ನು ಬಾಗಿಲಿನಿಂದ ಎತ್ತಿ ಹಿತ್ತಿಲ ಕಡೆ ಹಾಕಿಸಿಕೊಂಡ. ಅಳಿಯ ಬೇರೆಯವರ ಕುರಿ ಕಾಯಲು ಹೋಗುತ್ತಿದ್ದ. ಬಿಡುವಾದಾಗ ಗರಿಹುಳು ಕಟ್ಟುತ್ತಿದ್ದ. ಅವನ ಪೆಟ್ಟಿಗೆಯಲ್ಲಿ ಆ ಹಳದಿ ಹುಳುವಿನಷ್ಟು ಚಂದದ್ದು ಇನ್ನೊಂದಿಲ್ಲವಂತೆ. ಬೀಸಲು ಅವನಿಗೆ ನೀರಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹುಣಸೆಹಣ್ಣು ಇನ್ನೂ ಸ್ವಲ್ಪ ಉಳಿದಿತ್ತು. ಅದರ ಕಡೆ ಕೈ ಹಾಕಿದರು.

ಚನ್ನವೀರನ ಕಾಲು ಅಲುಗಾಡುತ್ತಲೇ ಇತ್ತು. ಅವನಿಗೆ ಅಳಿಯನ ಮೇಲೆ ಸಿಟ್ಟು ಬಂದಿತ್ತು, ಕಟ್ಟಳೆಯ ಮೇಲೆ ಸಿಟ್ಟು ಬಂದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದ ಆ ಹೆಂಗಸು ಅವನ ಕಣ್ಣಿಗೆ ಕಟ್ಟಿದ್ದಳು.

"ಮೀನು ಮೇಲೆ ಬರುವುದನ್ನು ಕಣ್ಣಾರೆ ಕಂಡು, ಗಂಡ ಗಾಳ ಎತ್ತುವುದನ್ನೂ ಕಂಡು, ಅವಳು ಹೇಗೆ ಸುಮ್ಮನೆ ಕೂತಿದ್ದಳು, ಗುರುಗಳೇ?" ಎಂದು ಕೇಳಿದ.

ಗುರುಗಳು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು.

"ನಿನ್ನೆ ಸಂಜೆ ನಿನ್ನ ಎದುರಿಗೆ ನಾನು ಕೂತಿದ್ದ ಹಾಗೆ."